ಹಲ್ಲು ಮುರಿದ ಕ್ಯಾಸೆಟ್ಟು

ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಯಲ್ಲೂ ಒಂದೊಂದು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದು ಹಾಕಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ಯಾರೂ ರೆಕಾರ್ಡ್ ಮಾಡಲಾಗದು, ಗುಂಡಿ ಒತ್ತಿದರೆ ಕೆಳಗಿಳಿಯುವುದೇ ಇಲ್ಲ. ಆದರೆ ಆ ತೂತಿನ ಮೇಲೆ ಒಂದು ಚೂರು ಕಾಗದ ಅಂಟಿಸಿದರೆ ಮಿಷನ್ನು ಮೋಸಹೋಗಿ ಮತ್ತೆ ಅಳಿಸುವುದಕ್ಕೆ ಒಪ್ಪುತ್ತದೆ. ಈ ಎರಡೂ ಕೆಲಸವನ್ನು ನಾನು ಒಂದೇ ಕ್ಯಾಸೆಟ್ಟಿಗೆ ಮಾಡಿದೆ. ಮೊದಲನೆಯದನ್ನು ಬುದ್ಧಿ ಉಪಯೋಗಿಸಿ ಮಾಡಿದೆ, ಎರಡನೆಯದನ್ನು ಬುದ್ಧಿ ಕೆಟ್ಟು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊಸದುರ್ಗದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಾನು ರೇಡಿಯೋ ರಿಪೇರಿ ಮಾಡುತ್ತಿದ್ದೆ. ಮನೆಯಲ್ಲಿ ಅವ್ವ, ನಾನು, ಮತ್ತೆ ನನ್ನ ಅಕ್ಕ. ಅಕ್ಕನನ್ನು ಶ್ರೀರಾಂಪುರಕ್ಕೆ ಕೊಟ್ಟಿದ್ದೆವು. ಕೆಮ್ಮು ಶುರುವಾಗಿ ಆರು ತಿಂಗಳಾದರೂ ಬಿಡದಿದ್ದಾಗ ಅವಳ ಗಂಡನ ಮನೆಯವರು, "ಹುಷಾರಾದ ಮ್ಯಾಲೆ ಬರ್ಲಿ" ಎಂದು ತಂದು ಬಿಟ್ಟುಹೋದರು. ಆಮೇಲೆ ಹುಷಾರಾದಳಾ ಎಂದು ಕೇಳಲು ಒಬ್ಬರೂ ಬರಲಿಲ್ಲ. ಅಕ್ಕ ಕೆಮ್ಮಿದಾಗಲೆಲ್ಲ ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು ಬಿಸಿನೀರಿನ ಚೊಂಬು ಎತ್ತಿಕೊಡುತ್ತಿದ್ದಳು. ಕಣ್ಣು ಒಲೆಯ ಕಡೆ ಇದ್ದರೂ ಕೈ ತಾನಾಗಿ ಚೊಂಬಿಗೆ ಹೋಗುತ್ತಿತ್ತು.

ಬೊಂಬಾಯಿ ಕಡೆ ಓಡಾಡುವ ಲಾರಿ ಡ್ರೈವರೊಬ್ಬನಿಂದ ಒಂದು ಟೇಪ್ ರೆಕಾರ್ಡರು ನನ್ನ ಕೈಗೆ ಬಂತು. ಇನ್ನೊಂದು, ರಿಪೇರಿಗೆ ಕೊಟ್ಟವರು ವಾಪಸ್ಸು ಬರದೆ ನನಗೇ ಉಳಿದದ್ದು. ಎರಡು ಮಿಷನ್ನು ಇರುವ ಮನೆ ಆಗ ಇಡೀ ಊರಿನಲ್ಲಿ ನಮ್ಮದೊಂದೇ ಎಂದು ನನಗೆ ಸ್ವಲ್ಪ ಜಂಬವೂ ಇತ್ತು. ಮದುವೆಗೆ ಮೈಕ್‌ಸೆಟ್ಟು ಕಟ್ಟಿಸುವುದು ಆಗ ಹೊಸ ಶೋಕಿ. ಮೈಕಿನಲ್ಲಿ ಸಿನಿಮಾ ಹಾಡು ಹಾಕುವುದರ ಜೊತೆಗೆ ತಮ್ಮ ಮನೆಯ ಹೆಂಗಸರದೇ ಸೋಬಾನೆ ಪದ ಊರಿಗೆಲ್ಲ ಕೇಳಿಸಬೇಕು, ಅದರಲ್ಲಿ ಹೆಣ್ಣಿನ ಹೆಸರು, ಗಂಡಿನ ಹೆಸರು, ಬೀಗರ ಊರಿನ ಹೆಸರು ಬರಬೇಕು ಎಂದು ಜನಕ್ಕೆ ಆಸೆ. ಹಾಗಾಗಿ ನನ್ನ ಹತ್ತಿರ ಬರುತ್ತಿದ್ದರು.

ಸೋಬಾನೆ ಒಬ್ಬರೇ ಹೇಳುವ ಹಾಡಲ್ಲ. ಒಬ್ಬಾಕೆ ಮುಂದೆ ಹೇಳುತ್ತಾಳೆ, ಉಳಿದವರು ಹಿಂದೆ ಸೊಲ್ಲು ಎತ್ತಿಕೊಳ್ಳುತ್ತಾರೆ. ಮುಂದೆ ಹೇಳುವವಳಿಗೆ ಎಲೆ ಅಡಿಕೆ, ಮರ್ಯಾದೆ. ಎತ್ತಿಕೊಳ್ಳುವವರನ್ನು ಯಾರೂ ಕೇಳುವುದಿಲ್ಲ, ಆದರೆ ಅವರಿಲ್ಲದೆ ಹಾಡು ನಿಲ್ಲುವುದಿಲ್ಲ. ಪ್ರತಿ ಸಲ ಈ ಎತ್ತಿಕೊಳ್ಳುವ ಹೆಂಗಸರನ್ನು ಕಲೆಹಾಕುವುದರಲ್ಲೇ ನನ್ನ ಜೀವ ಅರ್ಧ ಹೋಗುತ್ತಿತ್ತು. ಒಬ್ಬಳು ನೀರಿಗೆ ಹೋಗಿರುತ್ತಿದ್ದಳು, ಇನ್ನೊಬ್ಬಳಿಗೆ ಮಗು ಅಳುತ್ತಿತ್ತು, ಮತ್ತಿಬ್ಬರು ಹಳೆಯ ಜಗಳ ನೆನೆಸಿಕೊಂಡು ಬೆನ್ನು ತಿರುಗಿಸಿ ಕೂರುತ್ತಿದ್ದರು. ನಾಲ್ಕು ಪದ ತುಂಬಿಸುವುದಕ್ಕೆ ಎರಡು ದಿನ ಹಿಡಿಯುತ್ತಿತ್ತು.

ಆಗ ನನಗೆ ಹೊಳೆದದ್ದು ಅಚ್ಚಿನ ಉಪಾಯ. ಬೆಲ್ಲಕ್ಕೆ ಅಚ್ಚು ಇರುವ ಹಾಗೆ ಹಾಡಿಗೂ ಒಂದು ಅಚ್ಚು ಮಾಡಿಟ್ಟುಕೊಂಡರೆ? ಹಾರ್ಮೋನಿಯಮ್ಮಿನ ಶ್ರುತಿ, ತಾಳ, ಹಿಂದಿನ ಸೊಲ್ಲು, ಇಷ್ಟನ್ನೂ ಒಂದೇ ಸಲ ತುಂಬಿಸಿ, ಮುಂದೆ ಹೇಳುವವಳಿಗೆ ಮಾತ್ರ ಜಾಗ ಖಾಲಿ ಬಿಡುವುದು. ಯಾರೇ ಬಂದರೂ ಅಚ್ಚಿನ ಕ್ಯಾಸೆಟ್ಟನ್ನು ಒಂದು ಮಿಷನ್ನಿನಲ್ಲಿ ಓಡಿಸುವುದು, ಅವರು ಅದರ ಪಕ್ಕದಲ್ಲಿ ಕೂತು ಖಾಲಿ ಜಾಗದಲ್ಲಿ ತಮ್ಮ ಪದ ಹೇಳುವುದು, ಎರಡನೆಯ ಮಿಷನ್ನು ಎಲ್ಲವನ್ನೂ ಸೇರಿಸಿ ಹಿಡಿದುಕೊಳ್ಳುವುದು. ಎರಡು ದಿನದ ಕೆಲಸ ಒಂದು ಗಂಟೆಗೆ ಇಳಿಯಿತು. ಈಗ ನೆನೆಸಿಕೊಂಡರೂ ಉಪಾಯದಲ್ಲಿ ತಪ್ಪು ಕಾಣುವುದಿಲ್ಲ.

ಸೊಲ್ಲು ಎತ್ತಿಕೊಳ್ಳಲು ಅಕ್ಕನನ್ನೇ ಕೂರಿಸಿದೆ. ಅವಳಂಥ ಎತ್ತಿಕೊಳ್ಳುವ ದನಿಯನ್ನು ನಾನು ಆಮೇಲೆ ಕೇಳಿಲ್ಲ. ಮುಂದಿನವರ ಉಸಿರು ಮುಗಿಯುವುದಕ್ಕೆ ಒಂದು ಚಣ ಮುಂಚೆಯೇ ಬಂದು ಹಿಡಿದುಕೊಳ್ಳುತ್ತಿದ್ದಳು. ಬೀದಿಯ ಸದ್ದು ಒಳಗೆ ಬರದಿರಲೆಂದು ಕಿಟಕಿಗೆ, ಬಾಗಿಲಿಗೆ ದಪ್ಪ ಕರಿಕಂಬಳಿ ಇಳಿಬಿಟ್ಟಿದ್ದೆ. ಕುರಿ ಉಣ್ಣೆಯ ಧೂಳು, ಒಳಗೆ ಧಗೆ, ಗಾಳಿ ಇಲ್ಲ. ಅಂಥ ಕೋಣೆಯಲ್ಲಿ ಎದೆ ಕೆಟ್ಟವಳನ್ನು ಎರಡು ದಿನ ಕೂರಿಸಿದೆ. ಅವ್ವ ಚೊಂಬು ಹಿಡಿದು ಪಕ್ಕದಲ್ಲಿ ಕೂತಿದ್ದಳು. ತುಂಬಿಸಬೇಕಿದ್ದದ್ದು ನಾಲ್ಕು ಮಟ್ಟು, ಅಂದರೆ ನಾಲ್ಕು ಧಾಟಿ. ಮೂರನೆಯದು ಅರಿಶಿಣ ಹಚ್ಚುವಾಗಿನದು. ಅದರ ಕೊನೆಗೆ ಅಕ್ಕನಿಗೆ ಕೆಮ್ಮು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ, ಎರಡು ಸಲ ಕೆಮ್ಮಿದಳು.

"ಇನ್ನೊಂದ್ಸಲ ಹೇಳ್ತೀನಿ ಕಣೋ," ಎಂದಳು.

"ಬಿಡಕ್ಕ, ಸೆಲ್ಲು ಇಳೀತಾ ಐತೆ. ಮುಂದೆ ಹೇಳೋರ ದನೀಲಿ ಮುಚ್ಚಿಹೋಗ್ತದೆ," ಎಂದೆ ನಾನು. ಆ ಸಂಜೆಯೇ ಕ್ಯಾಸೆಟ್ಟಿನ ಎರಡೂ ಹಲ್ಲು ಮುರಿದೆ.

ಅಚ್ಚು ಚೆನ್ನಾಗಿ ಓಡಿತು. ಮತ್ತೋಡು, ಹೊಳಲ್ಕೆರೆ, ಹಿರಿಯೂರು ಕಡೆಯಿಂದಲೂ ಜನ ಬಂದರು. ಯಾರ ಮನೆಯ ಹಾಡೇ ಆಗಲಿ, ಹಿಂದೆ ಎತ್ತಿಕೊಳ್ಳುವವಳು ನಮ್ಮಕ್ಕ. ಗಂಡನ ಮನೆ ಬೇಡವೆಂದವಳ ದನಿ ಎಷ್ಟೋ ಮದುವೆ ಮನೆಗಳಿಗೆ ಹೋಯಿತು. ತುಂಬಿಸಿಕೊಂಡು ಹೋಗುವವರಿಗೆಲ್ಲ ನಾನು, "ಮನೆಗೆ ಹೋದ ತಕ್ಷಣ ಹಲ್ಲು ಮುರೀರಿ, ಇಲ್ದಿದ್ರೆ ಯಾರಾದ್ರೂ ಅಳಿಸಿಬಿಡ್ತಾರೆ," ಎಂದು ಪಾಠ ಹೇಳಿ ಕಳಿಸುತ್ತಿದ್ದೆ. ಹೇಳುವುದಕ್ಕೇನು.

ಒಂದು ಮಧ್ಯಾಹ್ನ ಅಕ್ಕ ಬಂದು ಬಾಗಿಲಲ್ಲಿ ಕೂತಳು.

"ಲೇ ತಮ್ಮ, ನಂದೊಂದು ಪದ ಹಾಕ್ಕಳೋ. ಮುಂದೆ ನಾನು ಹೇಳ್ತೀನಿ."

"ಹಿಂದೆ ಎತ್ಕಳೋರು ಯಾರು?" ಎಂದು ತಮಾಷೆ ಮಾಡಿದೆ.

"ಟೇಪಿನಾಗೆ ನಾನೇ ಅದೀನಲ್ಲ," ಎಂದಳು.

ನಕ್ಕೆ. ಅವಳೂ ನಕ್ಕಳು. ಬಿಚ್ಚಿಟ್ಟ ಒಂದು ರೇಡಿಯೋ ಎದುರಿಗಿತ್ತು, "ನಾಳೆ ನೋಡಾಣ" ಎಂದೆ. ಇನ್ನೂ ಎರಡು ಸಲ ಕೇಳಿದಳು, ಎರಡು ಸಲವೂ ನಾಳೆ ಎಂದೆ. ಯಾವ ಪದ ಎಂದು ಕೇಳಲೂ ಇಲ್ಲ.

ಆ ಬೇಸಿಗೆಯಲ್ಲಿ ಹೊಳಲ್ಕೆರೆಯ ವ್ಯಾಪಾರಸ್ಥರೊಬ್ಬರು ತಮ್ಮ ಕ್ಯಾಸೆಟ್ಟು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. ಮಗಳಿಗೆ ಅರಿಶಿಣ ಹಚ್ಚುತ್ತಿದ್ದಾಗ ಮೈಕಿನಲ್ಲಿ ಕೆಮ್ಮು ಇಡೀ ಬೀದಿಗೆ ಕೇಳಿಸಿತಂತೆ.

"ಬೀಗರು ಮುಖ ಮುಖ ನೋಡ್ಕಂಡ್ರು. ಅರಿಶಿಣದ ಹೊತ್ತಿಗೆ ಕ್ಷಯದ ಕೆಮ್ಮು ಹಾಕ್ತೀಯೇನಪ್ಪ? ನಿಮ್ಮನೇಲಿ ಇಂಥೋರು ಅವರೆ ಅಂತ ಮೊದ್ಲೇ ಹೇಳ್ಬಾರ್ದಾ?"

ಒಳಕೋಣೆಯಲ್ಲಿ ಅಕ್ಕ ಮಲಗಿದ್ದಳು. ವ್ಯಾಪಾರಸ್ಥರು ಮೆಲ್ಲಗೆ ಮಾತಾಡುವವರ ಪೈಕಿ ಅಲ್ಲ. ಆ ಕ್ಷಣ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ, ಅದೂ ಅಕ್ಕನ ಬಗ್ಗೆ. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಲ್ಲ.

ಮಾರನೆಯ ದಿನ ಅವ್ವ ಮತ್ತೋಡಿಗೆ ತನ್ನ ತವರಿನವರ ಮದುವೆಗೆ ಹೋದಳು. ನಾನು ಅಚ್ಚಿನ ಕ್ಯಾಸೆಟ್ಟಿನ ಎರಡು ತೂತಿಗೂ ಅಂಟು ಹಚ್ಚಿ ಕಾಗದ ಮೆತ್ತಿದೆ. ಹೊಸ ಕ್ಯಾಸೆಟ್ಟು ತರಬೇಕೆಂದರೆ ಚಿತ್ರದುರ್ಗಕ್ಕೆ ಹೋಗಬೇಕಿತ್ತು, ಎರಡು ದಿನದಲ್ಲಿ ಬೇರೆ ಗಿರಾಕಿ ಬರುವವರಿದ್ದರು. ಪಕ್ಕದ ಮನೆಯ ಟೈಲರ ಮಗಳನ್ನು ಕರೆದು ಕೂರಿಸಿ, ನಾಲ್ಕೂ ಮಟ್ಟಿಗೆ ಶ್ರುತಿ, ತಾಳ, ಸೊಲ್ಲು ಎಲ್ಲವನ್ನೂ ಅದರ ಮೇಲೇ ಹೊಸದಾಗಿ ತುಂಬಿಸಿದೆ. ಒಳ್ಳೆ ದನಿ, ಆರೋಗ್ಯದ ದನಿ. ಹೊಳಲ್ಕೆರೆಯವರು ಬಿಸಾಕಿ ಹೋದ ಕ್ಯಾಸೆಟ್ಟೂ ಮೇಜಿನ ಮೇಲೇ ಇತ್ತು. ಅದನ್ನೂ ಅಳಿಸಿ ಇನ್ನೊಬ್ಬರ ಮದುವೆಗೆ ತುಂಬಿಸಿಕೊಟ್ಟೆ.

ಹುಡುಗಿ ಹೋದ ಮೇಲೆ ಒಳಗಿನಿಂದ ಅಕ್ಕ ಕೂಗಿ ಕೇಳಿದಳು. "ಯಾರೋ ಅದು, ನನ್ನ ಜಾಗದಾಗೆ?"

ಹೇಳಿದೆ.

ಅವಳ ದನಿ ಅಳಿಸಿದ್ದನ್ನೂ ಮುಚ್ಚಿಡಲಿಲ್ಲ. "ಚೆನ್ನಾಗಿ ಎತ್ಕಂತಾಳೆ ಬಿಡು," ಎಂದಳು. ಪದದ ಮಾತನ್ನು ಮತ್ತೆ ಅವಳು ಎತ್ತಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅವಳನ್ನು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು. ದಿನಾ ಇಂಜೆಕ್ಷನ್. ಅವ್ವ ಅಲ್ಲೇ ಉಳಿದಳು, ನಾನು ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿಬರುತ್ತಿದ್ದೆ. ಕೊನೆಕೊನೆಗೆ ಅವಳಿಗೆ ಮಾತಾಡುವುದಕ್ಕೂ ಉಸಿರು ಸಾಲುತ್ತಿರಲಿಲ್ಲ. ಐದನೆಯ ಭಾನುವಾರ ನಾನು ಹೋಗುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು, ಅವ್ವ ಹೊರಗೆ ಮೆಟ್ಟಿಲ ಮೇಲೆ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಡನ ಮನೆಯಿಂದ ಇಬ್ಬರು ಬಂದರು, ಮಣ್ಣು ಹಾಕಿದರು, ಹೋದರು.

ಹನ್ನೊಂದನೆಯ ದಿನ ಅಕ್ಕನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟಿದ್ದೆವು. ಅವಳ ಒಂದು ಫೋಟೋ ಕೂಡ ಇರಲಿಲ್ಲ, ಅವಳ ಸೀರೆಯನ್ನು ಮಡಚಿ ಮಣೆಯ ಮೇಲಿಟ್ಟಿದ್ದೆವು. ನೆಂಟರೆಲ್ಲ ಕೂತಿದ್ದಾಗ ಅವ್ವ ನನ್ನ ಕಡೆ ತಿರುಗಿದಳು.

"ಅವಳ ದನಿ ಒಂದ್ಸಲ ಹಾಕಪ್ಪ. ಆ ಹಳೇ ಕ್ಯಾಸೆಟ್ಟು."

ಟೈಲರ ಮಗಳ ದನಿಯನ್ನು ಅವ್ವ ಕೇಳಿದ್ದಳು. ಅದಕ್ಕೆ ಬೇರೆ ಕ್ಯಾಸೆಟ್ಟು ತಂದಿರುತ್ತಾನೆ, ಅಕ್ಕನದನ್ನು ಜೋಪಾನ ಮಾಡಿರುತ್ತಾನೆ ಎಂದುಕೊಂಡಿದ್ದಳು. ಯಾವ ತಾಯಿಯಾದರೂ ಹಾಗೇ ಅಂದುಕೊಳ್ಳುತ್ತಾಳೆ. "ಎಲ್ಲಿಟ್ಟಿದೀನೋ, ಹುಡುಕ್ತೀನಿ," ಎಂದೆ. ದಿನಾ ಬೆಳಗ್ಗೆ, "ಸಿಕ್ತಾ?" ಎಂದು ಕೇಳತೊಡಗಿದಳು. ಅನ್ನ ಬಿಟ್ಟಳು ಎಂದೇನಲ್ಲ. ಆದರೆ ತಟ್ಟೆಯ ಮುಂದೆ ಕೂತು, ಸಿಕ್ತಾ ಎಂದು ಕೇಳಿ, ಇಲ್ಲ ಅಂದಾಗ ಎರಡು ತುತ್ತಿಗೇ ಎದ್ದುಬಿಡುತ್ತಿದ್ದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಅಚ್ಚು ಹೋದರೂ ಅದರಿಂದ ತೆಗೆದ ಪ್ರತಿಗಳು ಊರೂರಲ್ಲಿ ಇರಬೇಕಲ್ಲ ಎಂದು ಹೊರಟೆ. ಶ್ರೀರಾಂಪುರದ ಒಬ್ಬ ಗಿರಾಕಿಯ ಮನೆಯಲ್ಲಿ ಅದರ ಮೇಲೆ ಸಿನಿಮಾ ಹಾಡು ತುಂಬಿಸಿದ್ದರು. ಮತ್ತೋಡಿನಲ್ಲಿ ಕಿಟಕಿಯ ಬಿಸಿಲಿಗೆ ಕ್ಯಾಸೆಟ್ಟು ಸೊಟ್ಟಗಾಗಿತ್ತು. ಹಿರಿಯೂರಿನವರು, "ಮದುವೆ ಮುಗೀತಲ್ಲ, ಎಲ್ಲಿ ಹೋಯ್ತೋ," ಎಂದರು. ಅವರನ್ನು ಬೈಯುವ ಬಾಯಿ ನನಗಿರಲಿಲ್ಲ.

ಹೊರಕೆರೆದೇವಪುರದ ಹತ್ತಿರ ಕುರಿ ಸಾಕುವವರ ಒಂದು ಮನೆಯಲ್ಲಿ ಸಿಕ್ಕಿತು. ಮೊಮ್ಮಗಳ ಮದುವೆಗೆಂದು ಆ ಮನೆಯ ಅಜ್ಜಿ ಬಂದು ಅರಿಶಿಣದ ಪದ ಹೇಳಿ ಹೋಗಿದ್ದಳು. ಯಜಮಾನರು, "ಬರ್ರಿ, ಕುಂತ್ಕಳ್ರಿ," ಎಂದು ಕಂಬಳಿ ಹಾಸಿದರು. ಬಂದ ಕಾರಣ ಹೇಳಿದೆ. ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕ್ಯಾಸೆಟ್ಟು ತಂದರು.

"ನಮ್ಮವ್ವ ಹೋಗಿ ನಾಕು ತಿಂಗ್ಳಾತು. ಈಗ ಆವಮ್ಮ ಇರಾದು ಇದ್ರಾಗೇ. ಕೊಡಾಕಾಗಲ್ಲ ಸ್ವಾಮಿ, ಬೇಕಾದ್ರೆ ಇಲ್ಲೇ ಇಳಿಸ್ಕಳ್ರಿ." ಆಮೇಲೆ ಕ್ಯಾಸೆಟ್ಟಿನ ಬೆನ್ನು ತೋರಿಸಿದರು. "ನೀವು ಹೇಳಿದಂಗೇ ಹಲ್ಲು ಮುರಿದಿಟ್ಟಿವ್ನಿ ನೋಡ್ರಿ."

ನನ್ನ ಮಾತನ್ನು ನನಗಿಂತ ಚೆನ್ನಾಗಿ ನಡೆಸಿದ ಆ ಮನುಷ್ಯನ ಮುಖ ನೋಡಲಾಗದೆ ತಲೆ ತಗ್ಗಿಸಿದೆ. ಮಾರನೆಯ ದಿನ ಎರಡು ಮಿಷನ್ನನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಮತ್ತೆ ಅಲ್ಲಿಗೆ ಹೋದೆ. ಹೊಸ ಸೆಲ್ಲು ಹಾಕಿ, ಅವರ ಪಡಸಾಲೆಯಲ್ಲೇ ಇಳಿಸಿಕೊಂಡೆ. ಹೊರಗೆ ಕುರಿ ಅರಚುತ್ತಿದ್ದವು, ಅದೂ ಸೇರಿಕೊಂಡಿತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಚೊಂಬು ಪಕ್ಕದಲ್ಲಿತ್ತು, ಅಕ್ಕ ಹೋದ ಮೇಲೂ ಅದರ ಜಾಗ ಬದಲಾಗಿರಲಿಲ್ಲ. ಮಿಷನ್ನು ಇಟ್ಟು ಗುಂಡಿ ಒತ್ತಿದೆ. ಅಜ್ಜಿಯ ದನಿ ಬಂತು.

"ಇದ್ಯಾರು ಮುಂದೆ ಹೇಳೋರು? ನಾನು ಕೇಳಿದ್ದು ಇದಲ್ಲ," ಎಂದಳು ಅವ್ವ.

ಮಿಷನ್ನು ನಿಲ್ಲಿಸಿದೆ. "ಅದು ಇಲ್ಲವ್ವ. ನಾನೇ ಅಳಿಸ್ದೆ. ಕೆಮ್ಮು ಕೇಳಿಸ್ತೈತೆ ಅಂದ್ರು, ಅದಕ್ಕೆ ಅದರ ಮೇಲೇ ಆ ಹುಡುಗೀದು ತುಂಬಿಸ್ದೆ."

ಅವ್ವ ಒಂದು ಕಾಯಿ ಬಿಡಿಸಿದಳು, ಇನ್ನೊಂದು ಬಿಡಿಸಿದಳು. "ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಕು," ಎಂದಳು.

ಅಜ್ಜಿ ಹೇಳಿದಳು, ಹಿಂದೆ ಎಲ್ಲೋ ದೂರದಿಂದ ಅಕ್ಕ ಎತ್ತಿಕೊಂಡಳು. ಪ್ರತಿಯಿಂದ ಪ್ರತಿಗೆ ಇಳಿದು ಇಳಿದು ದನಿ ತೆಳ್ಳಗಾಗಿತ್ತು, ಟೇಪಿನ ಸುಯ್ ಎನ್ನುವ ಸದ್ದೇ ಹೆಚ್ಚು. ಯಾರ ದನಿ ಎಂದು ಆಣೆ ಮಾಡಿ ಹೇಳಲಾಗದ ಹಾಗಿತ್ತು. ಅವ್ವನ ಮುಖದಲ್ಲಿ ಏನೂ ಕಾಣಲಿಲ್ಲ. ಯಾರೋ ಹೊರಗಿನವರ ಹಾಡು ಕೇಳಿದ ಹಾಗೆ ಕಾಯಿ ಬಿಡಿಸುತ್ತಲೇ ಇದ್ದಳು. ಇಷ್ಟು ಅಲೆದದ್ದು ವ್ಯರ್ಥವಾಯಿತು ಎಂದುಕೊಂಡೆ.

ಕೊನೆಯ ಸೊಲ್ಲು ಮುಗಿಯಿತು. ಮಿಷನ್ನಿನೊಳಗೆ ಅಕ್ಕ ಕೆಮ್ಮಿದಳು, ಎರಡು ಸಲ.

ಅವ್ವನ ಕಣ್ಣು ಮೊರದ ಮೇಲೇ ಇತ್ತು. ಕೈ ಮಾತ್ರ ಪಕ್ಕಕ್ಕೆ ಹೋಗಿ ಚೊಂಬು ಎತ್ತಿ ಒಳಕೋಣೆಯ ಕಡೆ ಚಾಚಿತು. ಚಾಚಿದ ಕೈ ಹಾಗೇ ನಿಂತಿತು. ತೆಗೆದುಕೊಳ್ಳುವವರು ಯಾರೂ ಇಲ್ಲವೆಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಜೋರಾಗಿ ಅತ್ತೆ. ಆಸ್ಪತ್ರೆಯ ಮೆಟ್ಟಿಲ ಹತ್ತಿರವೂ ಅಷ್ಟು ಅತ್ತಿರಲಿಲ್ಲ.

ಅವ್ವ ಚೊಂಬು ಕೆಳಗಿಟ್ಟಳು. "ಪದ ಬ್ಯಾಡ," ಎಂದಳು. "ಅಷ್ಟು ಜಾಗ ಮಾತ್ರ ಇನ್ನೊಂದ್ಸಲ ಹಾಕು."

ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ ಹಾಕಿದೆ.