ಮೂರನೇ ಕರೆ

ಓಲ್-ಮೋನ್ಸ್ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಬನ್ನಿ ಎಂದು ಹೇಳುವುದನ್ನು ಗುನ್ವೋರ್ ಬಿಟ್ಟು ಬಹಳ ವರ್ಷವಾಗಿತ್ತು. ನಾಲ್ಕು ಭಾಷೆಯಲ್ಲಿ ಹಲಗೆ ಬರೆದು ಹಾಕಿದ್ದರೂ ದಿನಕ್ಕೆ ಇಬ್ಬರಾದರೂ ಹಣೆ ಬಡಿಸಿಕೊಳ್ಳುತ್ತಿದ್ದರು. ಅಂಥವರಿಗೆಂದೇ ಅವಳ ಚೀಲದಲ್ಲಿ ಒಂದು ಒದ್ದೆ ಬಟ್ಟೆ ಇರುತ್ತಿತ್ತು. "ಪೆಟ್ಟು ತಿಂದವರೇ ಈ ಮನೇನ ಚೆನ್ನಾಗಿ ನೆನಪಿಟ್ಕೊಳ್ಳೋದು," ಎಂದು ಹಣೆಗೆ ಒತ್ತಿ, ಮನೆ ನೋಡಲು ಬಂದ ಉಳಿದವರನ್ನು ಕರೆದುಕೊಂಡು ಮುಂದೆ ಹೋಗುತ್ತಿದ್ದಳು.

ಅವಳಿಗೆ ಎಪ್ಪತ್ತೊಂದು. ಸ್ವೀಡನ್ನಿನ ಹೆಲ್ಸಿಂಗ್ಲಂಡಿನಲ್ಲಿ ಅಗಸೆ ನಾರಿನ ವ್ಯಾಪಾರ ಕುದುರಿದ ಕಾಲದಲ್ಲಿ ರೈತರು ಒಬ್ಬರಿಗಿಂತ ಒಬ್ಬರು ದೊಡ್ಡ ಮನೆ ಕಟ್ಟಿದರಲ್ಲ, ಅಂಥದ್ದರಲ್ಲಿ ಈ ಓಲ್-ಮೋನ್ಸ್ ಮನೆಯೂ ಒಂದು. ಒಳಗೆ ಗೋಡೆ ತುಂಬ ಹೂಬಳ್ಳಿಯ ಚಿತ್ರ ಬರೆಸಿದ ಒಂದು ಕೋಣೆಯಿದೆ. ಅಷ್ಟು ಖರ್ಚು ಮಾಡಿ, ಮದುವೆಗೋ ಸಾವಿಗೋ ಬಿಟ್ಟರೆ ಅದರ ಬಾಗಿಲೇ ತೆಗೆಯುತ್ತಿರಲಿಲ್ಲ. ನಮ್ಮ ಜನವೇ ಹಾಗೆ, ಇದ್ದದ್ದನ್ನು ಅನುಭವಿಸುವುದಕ್ಕಿಂತ ಬೀಗ ಹಾಕಿಡುವುದರಲ್ಲಿ ಸುಖ ಜಾಸ್ತಿ. ಗುನ್ವೋರಳ ತಾಯಿ ಹಿಲ್ಮಾ ಇಲ್ಲಿ ಹನ್ನೊಂದು ವರ್ಷ ಕೆಲಸಕ್ಕಿದ್ದಳು. ಆ ಕೋಣೆಯ ನೆಲ ತಿಕ್ಕಿದ್ದಳೇ ಹೊರತು ಒಂದು ದಿನವೂ ಅಲ್ಲಿ ಕೂತವಳಲ್ಲ.

ಗುನ್ವೋರ್ ಹದಿನೇಳಕ್ಕೇ ಪಕ್ಕದ ಊರಿನ ಹಟ್ಟಿಗೆ ಹಾಲು ಕರೆಯಲು ಹೋದಳು. ಮೂವತ್ತು ವರ್ಷ ಅವಳ ಮಾತು ಕೇಳಿದ್ದು ಹಸುಗಳು ಮಾತ್ರ. ಹಟ್ಟಿ ಮುಚ್ಚಿದ ವರ್ಷ, ಓಲ್-ಮೋನ್ಸ್ ಮನೆಯನ್ನು ವಹಿಸಿಕೊಂಡಿದ್ದ ಊರಿನ ಸಂಘದವರು ಬೇಸಿಗೆಯಲ್ಲಿ ಮನೆ ತೋರಿಸಲು ಒಬ್ಬರು ಬೇಕೆಂದರು. ಅವಳನ್ನು ಮೂರು ಸಲ ಕರೆದರು, ಮೂರನೇ ಸಲಕ್ಕೆ ಹೋದಳು. ತಾನು ಬಾಯಿ ತೆರೆದರೆ ಇಪ್ಪತ್ತು ಜನ ಸುಮ್ಮನಾಗಿ ತನ್ನ ಮುಖವನ್ನೇ ನೋಡುತ್ತಾರೆ ಎಂದು ನಲವತ್ತೇಳನೇ ವಯಸ್ಸಿನಲ್ಲಿ ತಿಳಿಯುವುದು ಸಣ್ಣ ವಿಷಯವಲ್ಲ. ಮೊದಲ ದಿನ ಮನೆಗೆ ಹೋಗಿ ಅತ್ತಳು. ಆಮೇಲೆ ಇಪ್ಪತ್ತನಾಲ್ಕು ಬೇಸಿಗೆ ಒಂದು ದಿನವೂ ತಪ್ಪಿಸಲಿಲ್ಲ.

ಅವಳು ಮನೆ ತೋರಿಸುವುದರಲ್ಲಿ ಜನ ಕಾದು ನೋಡುತ್ತಿದ್ದ ಭಾಗವೆಂದರೆ ಅಡುಗೆಮನೆಯ ತೊಲೆಯದು. ಬಾಗಿಲಿಂದ ನಾಲ್ಕು ಹೆಜ್ಜೆ ಒಳಗೆ, ಅಡ್ಡಲಾಗಿ ಒಂದು ದಪ್ಪ ತೊಲೆ. ಹೊರಗಿನವರು ಯಾರೇ ಬಂದರೂ ಅದರ ಈಚೆಗೇ ನಿಲ್ಲಬೇಕು. ಮನೆಯೊಡತಿ ಕರೆದರೆ ಮಾತ್ರ ಆಚೆಗೆ. ಕರೆದ ತಕ್ಷಣ ಹೋಗುವುದೂ ಅಲ್ಲ. ಗುನ್ವೋರ್ ಬಂದವರನ್ನೆಲ್ಲ ತೊಲೆಯ ಕೆಳಗೆ ಸಾಲಾಗಿ ನಿಲ್ಲಿಸಿ ತಾನು ಒಲೆಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

"ಬನ್ನಿ, ಒಳಗೆ ಬನ್ನಿ, ಕಾಫಿ ಕುಡೀರಿ."

ಯಾರಾದರೂ ಒಬ್ಬರು ಹೆಜ್ಜೆ ಇಟ್ಟೇ ಇಡುತ್ತಿದ್ದರು.

"ನಿಲ್ಲಿ ಸ್ವಾಮಿ! ಇಷ್ಟಕ್ಕೇ ಬಂದುಬಿಡೋದಾ? ಊಟ ಕಾಣದೋರು ಅಂದ್ಕೊಳ್ತಾರೆ. 'ಅಯ್ಯೋ ಬೇಡ, ಇಲ್ಲೇ ಸರಿ' ಅನ್ನಿ."

"ಅಯ್ಯೋ ಬೇಡ, ಇಲ್ಲೇ ಸರಿ," ಎಂದು ಎಲ್ಲರೂ ನಗುತ್ತ ಹೇಳುತ್ತಿದ್ದರು. ಎರಡನೇ ಸಲ ಕರೆದಾಗ, "ನಿಮಗ್ಯಾಕೆ ತೊಂದರೆ" ಅನ್ನಬೇಕು. ಮೂರನೇ ಸಲಕ್ಕೆ ನಿಟ್ಟುಸಿರು ಬಿಟ್ಟು, ಒಲ್ಲದ ಮನಸ್ಸಿನಿಂದ ಬಂದವರ ಹಾಗೆ ಬರಬೇಕು. ಡಚ್ಚರಿಗೆ ಎಷ್ಟು ಹೇಳಿದರೂ ಮೊದಲ ಕರೆಗೇ ನುಗ್ಗುತ್ತಾರೆ, ಫಿನ್ನರು ಮೂರನೇ ಕರೆಗೂ ಅಲ್ಲಾಡುವುದಿಲ್ಲ ಎಂದು ಅವಳು ಹೇಳುವುದು ಅರ್ಧ ತಮಾಷೆ, ಅರ್ಧ ನಿಜ. "ಒಂದೇ ಸಲ ಕರೆದು ಸುಮ್ಮನಾದರೆ ಅದು ಕರೆದ ಹಾಗಲ್ಲ," ಎಂದು ಮಾತು ಮುಗಿಸುತ್ತಿದ್ದಳು.

ಈ ರೂಢಿ ತನಗೆ ಎಷ್ಟು ದುಬಾರಿಯಾಗಿ ಬಿದ್ದಿತ್ತೆಂದು ಮಾತ್ರ ಯಾರಿಗೂ ಹೇಳಿದವಳಲ್ಲ. ಅವಳಿಗೆ ಇಪ್ಪತ್ತಾರಿದ್ದಾಗ ದಕ್ಷಿಣದ ಸ್ಕೋನೆ ಕಡೆಯಿಂದ ರೂಬೆನ್ ಎಂಬವನು ರಸ್ತೆ ಅಳತೆಯ ಕೆಲಸಕ್ಕೆ ಬಂದಿದ್ದ. ಎರಡು ಬೇಸಿಗೆ ಇಬ್ಬರೂ ಜೊತೆಯಲ್ಲಿ ಕುಣಿದರು, ಕೆರೆಯಲ್ಲಿ ದೋಣಿ ನಡೆಸಿದರು. ಕೆಲಸ ಮುಗಿದ ವಾರ ಅವನು, "ನನ್ನ ಜೊತೆ ಬರ್ತೀಯಾ?" ಎಂದು ಕೇಳಿದ. "ಅಯ್ಯೋ, ಅದೆಲ್ಲಾಗುತ್ತೆ, ಹಸುಗಳನ್ನ ಯಾರು ನೋಡ್ತಾರೆ," ಎಂದಳು. ಅಷ್ಟು ಹೇಳುವಾಗಲೇ ಯಾವ ಪೆಟ್ಟಿಗೆಗೆ ಬಟ್ಟೆ ತುಂಬಬೇಕೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿ ಆಗಿತ್ತು. ರೂಬೆನ್, "ಹಾಗಾದ್ರೆ ಸರಿ," ಎಂದ. ಗುರುವಾರದ ರೈಲಿಗೆ ಹೊರಟುಹೋದ. ಅವನದೇನೂ ತಪ್ಪಿಲ್ಲ. ಅವನ ಮೇಲೆ ಅವಳಿಗೆ ಮೂವತ್ತು ವರ್ಷ ಸಿಟ್ಟಿತ್ತು, ಅದು ಬೇರೆ ಮಾತು.

ಇಷ್ಟಾಗಿಯೂ ಬುದ್ಧಿ ಬಂತೇ? ಈ ವರ್ಷ ಸಂಘಕ್ಕೆ ಸ್ಟಾಕ್‌ಹೋಮಿನಿಂದ ಹೊಸ ಮೇಲ್ವಿಚಾರಕಿ ಬಂದಳು, ತೆರೆಸ್ ಅಂತ, ಮೂವತ್ತನಾಲ್ಕರ ಚುರುಕು ಹೆಣ್ಣು. ಆಗಸ್ಟ್ ಮೊದಲ ವಾರದಲ್ಲಿ ಅಂಗಳದಲ್ಲಿ ಗುನ್ವೋರಳನ್ನು ನಿಲ್ಲಿಸಿ ಕೇಳಿದಳು.

"ಗುನ್ವೋರ್, ಮುಂದಿನ ಬೇಸಿಗೇಲೂ ನೀವೇ ಮನೆ ತೋರಿಸ್ತೀರಾ?"

"ಇಲ್ಲಪ್ಪ, ನನಗೂ ವಯಸ್ಸಾಯ್ತು. ಯಾರಾದ್ರೂ ಚಿಕ್ಕವರು ಮಾಡ್ಲಿ," ಎಂದಳು ಗುನ್ವೋರ್.

ತೆರೆಸಳ ಮುಖ ಮೃದುವಾಯಿತು. "ಅರ್ಥವಾಗುತ್ತೆ. ಹೇಳಿದ್ದು ಒಳ್ಳೇದಾಯ್ತು," ಎಂದು ಭುಜ ಮುಟ್ಟಿ ಹೋದಳು.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿದ್ದ ಹಾಗಾಯಿತು. ಆದರೆ ಬಿದ್ದದ್ದು ಹಲ್ಲಿಗೆ ಇನ್ನೂ ಗೊತ್ತಿರಲಿಲ್ಲ. ಮುಂದಿನ ಎರಡು ವಾರ ಗುನ್ವೋರ್ ಎರಡನೇ ಕರೆಗೆ ಕಾದಳು. ತೆರೆಸಳ ಕಾರಿನ ಸದ್ದು ಕೇಳಿದರೆ ಕೂದಲು ಸರಿಮಾಡಿಕೊಳ್ಳುವುದು, ಕಚೇರಿಯ ಮೆಟ್ಟಿಲ ಹತ್ತಿರ ಬಂದಾಗ ನಡಿಗೆ ನಿಧಾನ ಮಾಡುವುದು, ಶೂ ಲೇಸು ಬಿಚ್ಚಿ ಮತ್ತೆ ಕಟ್ಟುವುದು. ತೆರೆಸ್ ಪ್ರತಿ ಸಲವೂ ಕಿಟಕಿಯಿಂದ ಕೈಬೀಸಿ ನಕ್ಕಳು.

ಮೂರನೇ ವಾರದ ಮಂಗಳವಾರ ಗುನ್ವೋರ್ ಏಲಕ್ಕಿ ಬನ್ನಿಗೆಂದು ಅಂಗಳದ ಕಾಫಿ ಕೋಣೆಗೆ ಹೋದಳು. ಅದನ್ನು ನಡೆಸುವ ಸೋಲ್ವೇಗ್ ಅವಳ ಶಾಲೆಯ ಗೆಳತಿ, ಗುಟ್ಟು ಅವಳ ಹೊಟ್ಟೆಯಲ್ಲಿ ಬನ್ನಿನಷ್ಟು ಹೊತ್ತೂ ನಿಲ್ಲುವುದಿಲ್ಲ.

"ಕೇಕಿಗೆ ಬಾದಾಮಿ ಹಾಕ್ಲೋ, ಬೆರ್ರಿ ಹಾಕ್ಲೋ? ನಿನ್ನನ್ನ ಕೇಳ್ಬಾರದು ಅಂದಿದ್ದಾರೆ. ಆದ್ರೂ ತಿನ್ನೋಳು ನೀನು ತಾನೆ."

"ಏನು ಕೇಕು?"

"ನಿನ್ನ ಬೀಳ್ಕೊಡುಗೆಗೆ ಕಣೇ. ಭಾನುವಾರ. ಉಪ್ಸಾಲಾದಿಂದ ಯಾವನೋ ಹುಡುಗ ಬರ್ತಾನಂತೆ ನಿನ್ನ ಜಾಗಕ್ಕೆ, ಇತಿಹಾಸ ಓದಿದೋನು. ಸಹೀನೂ ಆಯ್ತಂತೆ."

ಗುನ್ವೋರ್ ಹತ್ತಿರದ ಕುರ್ಚಿ ಎಳೆದು ಕೂತಳು. "ನಾನೆಲ್ಲಿ ಬಿಡ್ತೀನಿ ಅಂದೆ?"

"ನೀನೇ ಬೇಡ ಅಂದ್ಯಂತಲ್ಲ!"

"ಬೇಡ ಅಂದೆ. ಒಂದೇ ಸಲ ತಾನೆ ಅಂದಿದ್ದು!"

ಸೋಲ್ವೇಗ್ ಚಮಚ ಕೆಳಗಿಟ್ಟಳು. "ಅಯ್ಯೋ ಪೆದ್ದೀ. ಅವಳು ಸ್ಟಾಕ್‌ಹೋಮಿನೋಳು. ಅವಳಿಗೆ ಬೇಡ ಅಂದ್ರೆ ಬೇಡಾನೇ. ಹೋಗು, ಹೋಗಿ ಬಾಯಿ ಬಿಟ್ಟು ಹೇಳು."

"ನಾನಾಗಿ ಹೋಗಿ ಬೇಡ್ಕೊಳ್ಳಲಾ? ನಾಚಿಕೆ ಇಲ್ವಾ?"

"ನಾಚಿಕೆ ಇಟ್ಕೊಂಡು ಏನು ಸಿಕ್ತೇ ನಿನಗೆ ಇಷ್ಟು ವರ್ಷ? ರೂಬೆನ್ ಸಿಕ್ಕನಾ?"

ಅರವತ್ತು ವರ್ಷ ದಾಟಿದ ಸ್ನೇಹದಲ್ಲಿ ಸೋಲ್ವೇಗ್ ಆ ಹೆಸರೆತ್ತಿದ್ದು ಅದೇ ಮೊದಲು. ಅವಳಿಗೆ ಗೊತ್ತಿತ್ತೆಂಬುದೇ ಗುನ್ವೋರಳಿಗೆ ಗೊತ್ತಿರಲಿಲ್ಲ. ತುಂಬ ನೋವಾಯಿತು. ಬನ್ನು ತಿನ್ನದೆ ಎದ್ದು ಹೊರಗೆ ಬಂದಳು.

ಅಂದು ಹನ್ನೊಂದು ಗಂಟೆಗೆ ಬಂದವರು ಜರ್ಮನಿಯ ಒಂದು ತಂಡ. ಅವಳು ಮನೆಯನ್ನು ಎಂದಿನಂತೆಯೇ ತೋರಿಸಿದಳು, ತೊಲೆಯದನ್ನು ಮಾತ್ರ ಬಿಟ್ಟುಬಿಟ್ಟಳು. ಯಾರಿಗೂ ಏನೂ ಕೊರತೆ ಕಾಣಲಿಲ್ಲ. ಹೋಗುವಾಗ ಒಬ್ಬ ಮುದುಕ ಎರಡೂ ಕೈಯಿಂದ ಅವಳ ಕೈ ಹಿಡಿದು, ನಿಮ್ಮ ಮಾತು ಅರ್ಧ ಅರ್ಥವಾಗಲಿಲ್ಲ, ಆದರೂ ಇನ್ನೊಂದು ಗಂಟೆ ಕೇಳುತ್ತಿದ್ದೆ ಅಂದ. ಆಗ ಅವಳಿಗೆ ಒಂದು ಮಾತು ನಿಚ್ಚಳವಾಯಿತು. ಅಮ್ಮ ತಿಕ್ಕಿದ ನೆಲ, ಹೂಬಳ್ಳಿಯ ಗೋಡೆ, ಇವೆಲ್ಲ ಹೋದರೆ ಹೋಗಲಿ. ಈ ಜನ ಇಲ್ಲದೆ ಮುಂದಿನ ಬೇಸಿಗೆಯನ್ನು ಕಳೆಯುವುದು ತನ್ನಿಂದ ಆಗುವುದಿಲ್ಲ.

ಅಂಗಳ ದಾಟಿ ನೇರ ಕಚೇರಿಗೆ ಹೋದಳು. ಬಾಗಿಲು ಬಡಿಯುವುದನ್ನೂ ಮರೆತು ಒಳಗೆ ನುಗ್ಗಿದ್ದಳು.

"ನಾನು ಅವತ್ತು ಹೇಳಿದ್ದು ಸುಳ್ಳು," ಎಂದಳು. "ನನಗೆ ಬಿಡೋಕೆ ಇಷ್ಟ ಇಲ್ಲ. ಇನ್ನೊಂದು ಸಲ ಕೇಳ್ತೀಯ ಅಂತ ಕಾಯ್ತಿದ್ದೆ."

ತೆರೆಸ್ ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಅವಳ ಮುಖ ಕೆಂಪಾಯಿತು. "ನನಗೆ ಗೊತ್ತಾಗ್ಲಿಲ್ಲ, ಗುನ್ವೋರ್. ನಿಮಗೆ ಸಾಕಾಗಿದೆ ಅಂದ್ಕೊಂಡು, ಇವರನ್ನ ಬಲವಂತ ಮಾಡಬಾರದು ಅಂತ ಸುಮ್ಮನಾದೆ. ಮನೆ ತೋರಿಸೋಕೆ ಉಪ್ಸಾಲಾದ ಒಬ್ಬ ಹುಡುಗನ ಜೊತೆ ಒಪ್ಪಂದ ಆಗಿಹೋಗಿದೆ. ಈಗ ಹಿಂದಕ್ಕೆ ತಗೊಳ್ಳೋಕಾಗಲ್ಲ."

"ಆಗಲ್ಲ ಅಂದ್ರೆ ಆಗಲ್ಲ," ಎಂದಳು ಗುನ್ವೋರ್. ಆದರೆ ಅಲ್ಲಿಂದ ಹೋಗಲಿಲ್ಲ.

ತೆರೆಸ್ ಪೆನ್ನು ತಿರುಗಿಸುತ್ತ ಯೋಚಿಸಿದಳು. "ಮುಂದಿನ ವರ್ಷ ಇಲ್ಲೇ ಹಿತ್ತಲ ಹಟ್ಟಿಗೆ ಆರು ಹಸು ತರಿಸ್ತಿದ್ದೀವಿ. ಬಂದವರಿಗೆ ಹಾಲು ಕರೆಯೋದು ತೋರಿಸ್ಬೇಕು, ಹಳೇ ಕಾಲದ ಮಾತು ಹೇಳ್ಬೇಕು. ಅದಕ್ಕಿನ್ನೂ ಯಾರೂ ಸಿಕ್ಕಿಲ್ಲ. ಆದ್ರೆ ಬೂಟು, ಸಗಣಿ, ವಾಸನೆ... ಈ ವಯಸ್ಸಲ್ಲಿ ನಿಮ್ಮನ್ನ ಅಲ್ಲಿಗೆ ಕರೆಯೋದು—"

"ಬರ್ತೀನಿ."

"ಆತುರ ಇಲ್ಲ. ಮನೇಗೆ ಹೋಗಿ ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡಿದ್ರೆ ಬೇಡ ಅಂತೀನಿ. ಈಗ್ಲೇ ಬರ್ಕೋ."

ಹೇಳಿದ ಮೇಲೆ ಗುನ್ವೋರಳಿಗೆ ಕಿವಿಯವರೆಗೂ ಬಿಸಿಯೇರಿತು, ಎಲ್ಲರೆದುರು ಎರಡು ತಟ್ಟೆ ಊಟ ಬಡಿಸಿಕೊಂಡವಳ ಹಾಗೆ. ತೆರೆಸ್ ಪುಸ್ತಕ ತೆರೆದು ಹೆಸರು ಬರೆದಳು. ಅವಳು ಬರೆದು ಮುಗಿಸುವವರೆಗೂ ಗುನ್ವೋರ್ ಮೇಜಿನ ಹತ್ತಿರವೇ ನಿಂತಿದ್ದಳು.