ಹಳೇ ಸುದ್ದಿಯ ಪೇಪರಮ್ಮ

ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವ ಆಕೆಯನ್ನು ಎಲ್ಲರೂ ಕರೆಯುವುದು ಪೇಪರಮ್ಮ ಎಂದೇ. ಯಾರಾದರೂ ಫ್ಯಾನಿನ ಸ್ವಿಚ್ಚಿಗೆ ಕೈಯಿಟ್ಟರೆ, "ಅಯ್ಯೋ, ಒಂದು ಕಾಲವೇ ಪುಡಿಪುಡಿಯಾಗಿ ಹಾರಿಹೋಗತ್ತೆ ಕಣ್ರೀ!" ಎಂದು ಹೌಹಾರುತ್ತಾಳೆ. ಮನೆಯಲ್ಲಿ ಊಟಕ್ಕೆ ಕೂತ ಗಂಡನಿಗೆ ಅಜ್ಜನ ಕಾಲದ ಕಳ್ಳತನವನ್ನು ಬಿಸಿಬಿಸಿಯಾಗಿ ಬಡಿಸುತ್ತಾಳೆ. "ಕಳ್ಳ ಸಿಕ್ಕಿದ್ನಾ?" ಎಂದು ಅವನು ಕೇಳಿದರೆ, "ಮರುದಿನದ ಪೇಪರ್ ಇನ್ನೂ ಸ್ಕ್ಯಾನ್ ಆಗಿಲ್ಲ ರೀ" ಎನ್ನುತ್ತಾಳೆ. ಮೊನ್ನೆ, ಹೆತ್ತ ತಾಯಿಯ ಮುಖವನ್ನೇ ನೋಡದೆ ಬೆಳೆದ ಅಜ್ಜಿಯೊಬ್ಬರು ಪೇಪರಮ್ಮನನ್ನು ಹುಡುಕಿಕೊಂಡು ಬಂದರು. ಆ ತಾಯಿ ಓಟದಲ್ಲಿ ಗೆದ್ದಾಗ ಪತ್ರಿಕೆಯಲ್ಲಿ ಬಂದಿದ್ದ ಚಿತ್ರವನ್ನು ಪೇಪರಮ್ಮ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದಳು. "ನಮ್ಮಮ್ಮ... ಎಷ್ಟು ಚಿಕ್ಕೋಳು!" ಎಂದು ಅಜ್ಜಿ ಪೇಪರಮ್ಮನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಅವರು ಹೋದ ಮೇಲೆ ಪೇಪರಮ್ಮ, ಆ ಪತ್ರಿಕೆಯನ್ನು ರದ್ದಿಗೆ ಹಾಕದೆ ಎಂದೋ ಎತ್ತಿಟ್ಟ ಪುಣ್ಯಾತ್ಮರನ್ನು ನೆನೆದು, "ನೀವ್ಯಾರೋ ಏನೋ, ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದು ಖಾಲಿ ಕೋಣೆಗೆ ಕೇಳುವಂತೆ ಹೇಳಿದಳು.