ನಾಗಪ್ಪನ ಪೊರೆಯೂ ನನ್ನ ಸಂಡಿಗೆಯೂ

ಪರದೇಶದ ಈ ಕ್ಯಾಂಪ್‌ಬೆಲ್ ಊರಿನ ನಮ್ಮ ಮನೆಯಲ್ಲಿ ಚಳಿಗಾಲದ ಹೀಟರು ಹಾಕಿದರೆ ಅರಳು ಸಂಡಿಗೆ ಎರಡೇ ದಿನಕ್ಕೆ ಗರಿಗರಿಯಾಗಿ ಒಣಗುತ್ತದೆ. ಕಾಗೆ ಓಡಿಸುವ ಕೆಲಸವಿಲ್ಲ, ಮೋಡ ಕಂಡು ಮಹಡಿಗೆ ಓಡುವ ಪ್ರಮೇಯವೂ ಇಲ್ಲ. ದೇವರು ಕೊಟ್ಟ ಸಣ್ಣಪುಟ್ಟ ಸೌಕರ್ಯಗಳಲ್ಲಿ ಇದನ್ನೂ ಸೇರಿಸಿ ದಿನಾ ಕೈ ಮುಗಿಯುತ್ತಿದ್ದೆ. ಅದೇ ಶುಷ್ಕತೆ ಮನೆಯ ಮತ್ತೊಬ್ಬ ಸದಸ್ಯನಿಗೆ ಮುಳುವಾದೀತೆಂದು ನನಗೇನು ಗೊತ್ತು?

ಆ ಸದಸ್ಯ, ಮಗಳು ಶಾಲಿನಿ ಗಾಜಿನ ಪೆಟ್ಟಿಗೆಯಲ್ಲಿ ಸಾಕಿರುವ ಕಿತ್ತಳೆ ಬಣ್ಣದ ಹಾವು. ವಿಷವಿಲ್ಲದ್ದು, ಅವಳಪ್ಪ ನನ್ನನ್ನು ಕೇಳದೆ ತಂದುಕೊಟ್ಟದ್ದು. ನಾನು ಕರೆಯುವುದು ನಾಗಪ್ಪ ಎಂದೇ. ಮನೆಗೆ ಬಂದ ನಾಗನನ್ನು ಹೊರಗೆ ಹಾಕುವ ಧೈರ್ಯ ಯಾವ ಗೃಹಿಣಿಗಿದೆ, ನೀವೇ ಹೇಳಿ? (ಅದರ ಊಟದ ವಿಚಾರ ಮಾತ್ರ ಕೇಳಬೇಡಿ, ಆ ಇಲಾಖೆ ಗ್ಯಾರೇಜಿನಲ್ಲಿ, ಯಜಮಾನರದ್ದು.)

ಡಿಸೆಂಬರಿನಲ್ಲಿ ಅದರ ಪೊರೆ ಅರ್ಧಂಬರ್ಧ ಕಳಚಿ ಕಣ್ಣಿನ ಮೇಲೆ ಅಂಟಿಕೊಂಡಿತು. ಗಾಳಿಯಲ್ಲಿ ತೇವ ಸಾಲದು, ಹೀಗೇ ಬಿಟ್ಟರೆ ಕಣ್ಣೇ ಹೋದೀತೆಂದು ಶಾಲಿನಿ ಊಟ ಬಿಟ್ಟು ಅಳತೊಡಗಿದಳು. ನಮ್ಮ ಕಡೆ ಚರ್ಮದ ಕಾಯಿಲೆಗೆ ನಾಗನಿಗೆ ಹರಕೆ ಹೊರುತ್ತೇವೆ. ನಾಗನಿಗೇ ಚರ್ಮದ ಕಾಯಿಲೆ ಬಂದರೆ ಯಾರಿಗೆ ಹೊರಬೇಕು? ಆ ಧರ್ಮಸೂಕ್ಷ್ಮ ಬಗೆಹರಿಯದೆ ಸೀದಾ ಸುಬ್ರಹ್ಮಣ್ಯಸ್ವಾಮಿಗೇ ಹೊತ್ತೆ. ಮರುದಿನವೇ ಷಷ್ಠಿಯಾದ್ದರಿಂದ, ಪೆಟ್ಟಿಗೆಯ ಮೇಲಿನ ಜಾಲರಿಯಿಂದ ಭಕ್ತಿಪೂರ್ವಕ ಒಂದು ಲೋಟ ಹಾಲನ್ನೂ ಎರೆದೆ.

"ಅಮ್ಮಾ, ನೋ! ಕೆಳಗೆ ಒದ್ದೆ ಆದ್ರೆ ಹೊಟ್ಟೆಯೆಲ್ಲ ಹುಣ್ಣಾಗತ್ತೆ! ಗಾಳಿ, ಅಮ್ಮಾ, ಗಾಳಿ ಹ್ಯುಮಿಡ್ ಇರ್ಬೇಕು!"

"ನಿನ್ನ ನಾಗಪ್ಪನಿಗೆ ಅಭಿಷೇಕ ಬೇಡವಂತೆ ಕಣೇ, ಹಬೆ ಸಾಕಂತೆ," ಎಂದು ಯಜಮಾನರು ನಕ್ಕರು.

ಹಬೆಯೇ? ಮೊದಲೇ ಹೇಳಬಾರದಿತ್ತೆ! ಆ ಶಾಸ್ತ್ರದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ. ಶಾಲಿನಿ ಪೆಟ್ಟಿಗೆ ತೊಳೆದು ಒಣಗಿದ ಹಾಸು ಹಾಕಿದಳು. ಅದನ್ನು ಅಡುಗೆಮನೆಗೆ, ಒಲೆಯ ಶಾಖ ತಗಲದಷ್ಟು ದೂರಕ್ಕೆ ತಂದು, ಅರ್ಧ ಜಾಲರಿಗೆ ಒದ್ದೆಬಟ್ಟೆ ಹೊದಿಸಿ, ಹೀಟರು ಆರಿಸಿ, ಮೂರು ಹೊತ್ತೂ ಇಡ್ಲಿ ಬೇಯಿಸಿದೆ. ಗಾಜಿಗೆ ಅಂಟಿಸಿದ್ದ ತೇವಮಾಪಕದ ಮುಳ್ಳು ಮೆಲ್ಲಗೆ ಮೇಲೇರಿತು. ಯಜಮಾನರ ಮಫ್ಲರೂ ಏರಿತು. "ಹಾವಿಗೆ ಹಬೆಸ್ನಾನ, ನನಗೆ ನೆಗಡಿ" ಎಂಬ ಗೊಣಗಾಟವನ್ನು ಇಡ್ಲಿ ಕೊಟ್ಟೇ ಅಡಗಿಸಿದೆ.

ಮೂರನೆಯ ಬೆಳಿಗ್ಗೆ ಶಾಲಿನಿ ಕೂಗಿದಳು. ಉಳಿದಿದ್ದ ಪೊರೆ ಕಾಲುಚೀಲದಂತೆ ಕಳಚಿ ಬಿದ್ದಿತ್ತು. ನಾಗಪ್ಪನ ಎರಡೂ ಕಣ್ಣು ಗುಲಗಂಜಿಯಂತೆ ಫಳಫಳ. ನನ್ನನ್ನು ತಬ್ಬಿಕೊಂಡವಳು, ನಿಂತಲ್ಲೇ ನಾಲ್ಕು ಇಡ್ಲಿ ತಿಂದಳು.

ಕೈ ಮುಗಿದು ತಿರುಗಿದರೆ, ಷಷ್ಠಿಯ ದಿನವೇ ತಟ್ಟೆಗಳಲ್ಲಿ ಒಣಗಲಿಟ್ಟಿದ್ದ ವರ್ಷದ ಸಂಡಿಗೆಯೆಲ್ಲ ಒಣಗದೆ ಬೂಷ್ಟು ಹಿಡಿದು ಕೂತಿದೆ! ಸ್ವಾಮಿಯದೇನೂ ತಪ್ಪಿಲ್ಲ ಬಿಡಿ. ಹರಕೆ ಹೊರುವಾಗ ಸಂಡಿಗೆಯ ಮಾತು ನಾನೇ ಎತ್ತಿರಲಿಲ್ಲ.